ತಗಡಿನ ಮೇಲಿನ ಬಾಣಲೆ

ತನ್ನ ಕ್ರಿಪ್ಟೊ ವಾಲೆಟ್ ತೆರೆಯುವ ಹನ್ನೆರಡು ಗುಪ್ತಪದಗಳನ್ನು ಮೂಸ್ ಜಾ ಊರಿನ ವೆಲ್ಡರ್ ಲೋರ್ನ್ ಉಕ್ಕಿನ ತಗಡಿನಲ್ಲಿ ಕೊರೆದಿಟ್ಟಿದ್ದ. ಈಗ ಮೊದಲ ಪದದ ಮೇಲೆ ಅವನ ಬೆರಳಿತ್ತು. ಟ್ರಕ್ ಮಾರಿದ ಹಣ ವಾಲೆಟ್‌ನಲ್ಲಿ ಕಾಣುತ್ತಿರಲಿಲ್ಲ. ಹುಡುಕಿಕೊಡಲು ಆ ಪದಗಳು ಬೇಕೆಂದು ಸಹಾಯವಾಣಿಯವನೊಬ್ಬ ಚಾಟ್‌ನಲ್ಲಿ ಕೇಳಿದ್ದ.

ಅವನ ಹೆಗಲ ಮೇಲಿಂದ ಚಾಟ್ ಓದಿದ ಹೆಂಡತಿ ವರ್ನಾ ಪ್ಯಾನ್‌ಕೇಕಿನ ಬಿಸಿ ಬಾಣಲೆ ತಂದು ತಗಡಿನ ಮೇಲೇ ಇಟ್ಟಳು. ಲೋರ್ನ್ ಬೆರಳು ಎಳೆದುಕೊಂಡ.

"ಬೀಗದ ಕೈ ಕೇಳೋ ಸಹಾಯವಾಣಿ ಯಾವ ಊರಲ್ಲೂ ಇಲ್ಲ ಕಣಯ್ಯ. ಟ್ರಕ್ ಕೊಂಡವನು ಯಾವ ನೆಟ್‌ವರ್ಕಲ್ಲಿ ಕಳಿಸಿದ್ನಂತೆ?"

"ಪಾಲಿಗಾನ್."

"ನೀನು ನೋಡ್ತಿರೋದು?"

"ಇಥೀರಿಯಂ."

"ಎರಡಕ್ಕೂ ನಿನ್ನ ವಾಲೆಟ್ ವಿಳಾಸ ಒಂದೇ. ಆ ಕಡೆ ತಿರುಗಿಸಿ ನೋಡು."

ಲೋರ್ನ್ ನೆಟ್‌ವರ್ಕ್ ಬದಲಿಸಿದ. ಹಣ ಪೂರ್ತಿ ಅಲ್ಲೇ ಕೂತಿತ್ತು. ಅವನು ಉಸಿರು ಬಿಟ್ಟು, ಚಾಟ್ ಅಳಿಸಿ, ತಟ್ಟೆ ಹತ್ತಿರಕ್ಕೆಳೆದುಕೊಂಡ.

"ಬಾಣಲೆ ತೆಗೀಲಾ?" ವರ್ನಾ ಕೇಳಿದಳು.

"ಬೇಡ. ಅಲ್ಲೇ ಇರಲಿ."