ತವರಿನ ಹಾಡಿಗೆ ಒನ್ಸ್ ಮೋರ್

ತವರು ಬಿಟ್ಟು ಹೊರಡುವ ಮಗಳ ಆ ಹಾಡನ್ನು ಇಪ್ಪತ್ತು ವರ್ಷಗಳಿಂದ ಕಂಪನಿಯ ನಾಯಕಿಯಾದ ಆಕೆಯೇ ಹಾಡುತ್ತಿದ್ದಳು. ಜನ ನಾಟಕದ ಹೆಸರು ಮರೆತರೂ ಹಾಡನ್ನು ಮರೆಯುತ್ತಿರಲಿಲ್ಲ. ಅದಕ್ಕೆ ಒನ್ಸ್ ಮೋರ್ ಬೀಳದ ದಿನವೇ ಇರಲಿಲ್ಲ. ಒನ್ಸ್ ಮೋರ್ ಬಿದ್ದಮೇಲೆ, ಮೈಯಲ್ಲಿ ಜ್ವರವಿದ್ದರೂ ಮತ್ತೆ ಹಾಡಲೇಬೇಕು. ಅದು ನಾಟಕ ಕಂಪನಿಯ ರೂಢಿ.

ಇಂದು ಆಕೆ ರಂಗಕ್ಕೆ ಕಾಲಿಡುವ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಅವ್ವನಿಗೆ ಮೇಲುಸಿರು ಹತ್ತಿದೆ, ಮಕ್ಕಳನ್ನು ಕೇಳುತ್ತಿದ್ದಾಳೆ ಎಂದರು. ಥಿಯೇಟರಿನ ಹಿಂದೆ ಜೀಪು ಬಂದು ನಿಂತಿತು. ಆಕೆ ಹೇಗೋ ಹಾಡು ಮುಗಿಸಿ ಸೈಡ್ ವಿಂಗಿಗೆ ಓಡಿ ಬಂದಳು.

ಎಡಮೂಲೆಯಿಂದ ಒಂದು ದನಿ ಕೂಗಿತು: "ಒನ್ಸ್ ಮೋರ್!" ಅದರ ಬೆನ್ನಿಗೇ ಇಡೀ ಥಿಯೇಟರು ಕೂಗಿತು.

"ಪರದೆ ಇಳಸ್ರಿ ಮಾಲಕ್ರ, ಕೈ ಮುಗೀತೀನಿ."

"ಈಗ ಪರದೆ ಇಳಿಸಿದ್ರ ಮಂದಿ ಕುರ್ಚಿ ಮುರೀತಾರವ್ವಾ. ಇನ್ನೊಂದ ಸಲ ಹಾಡಿ ಓಡು."

ಆಕೆ ಮತ್ತೆ ಹೋಗಿ ರಂಗದ ಮೇಲಿನ ತವರುಮನೆಯ ಬಣ್ಣದ ಹೊಸ್ತಿಲ ಮೇಲೆ ನಿಂತು ಹಾಡಿದಳು. ಈ ಸಲ ಕಣ್ಣೀರಿಗೆ ನಟನೆ ಬೇಕಾಗಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ಆಕೆ ವಿಂಗಿಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಎಡಮೂಲೆಯಿಂದ ಮತ್ತೆ ಅದೇ ದನಿ: "ಒನ್ಸ್ ಮೋರ್!"

ಆಕೆ ಮಾಲೀಕನ ಎರಡೂ ಕೈ ಹಿಡಿದುಕೊಂಡಳು.

"ಆ ಮೂಲ್ಯಾಗ ಎಲ್ಲಾರಕಿಂತ ಮೊದಲ ಒದರಾಂವ ಅದಾನಲ್ರಿ, ಲಗೂನ ಅವನ ಬಾಯಿ ಮುಚ್ಚಸ್ರಿ!"

"ಅಭಿಮಾನಿ ಬಾಯಿ ನಾ ಹೆಂಗ ಮುಚ್ಚಸ್ಲಿ?"

"ಅಭಿಮಾನಿ ಅಲ್ರೀ, ನನ್ನ ತಮ್ಮ. ದಿನಾ ಒದರಾಕ ನಾನ ಅಲ್ಲಿ ಕುಂದರಸ್ತೀನಿ. ಅವ್ವ ಹೊಂಟಾಳಂತ ಅವಂಗಿನ್ನೂ ಗೊತ್ತಿಲ್ರಿ."