ಬೆವರುವ ಹರವಿ

ಗಾಜಿನ ತೊಟ್ಟಿಯೊಳಗಿನ ಥರ್ಮಾಮೀಟರ್ ಎಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಎಪ್ಪತ್ತೆರಡು ದಾಟಿದರೆ ಆಕ್ಸೊಲಾಟ್ಲ್ ಉಳಿಯುವುದು ಕಷ್ಟ ಎಂದು ಹೇಳಿಯೇ, ಕಾಲೇಜಿನವರು ಅದನ್ನು ಬೇಸಿಗೆ ರಜೆಗೆ ಅಲ್ಲಿ ಜೀವಶಾಸ್ತ್ರ ಕಲಿಸುವ ಮಂದಾಕಿನಿಯ ಕೈಗೆ ಒಪ್ಪಿಸಿದ್ದರು. ಕಿವಿರುಗಳನ್ನು ಗರಿಗಳಂತೆ ಹೊರಗೇ ಚಾಚಿಕೊಂಡ ಆ ಮೆಕ್ಸಿಕೋದ ನೀರುಪ್ರಾಣಿ ನಿನ್ನೆಯಿಂದ ಎರೆಹುಳ ಮುಟ್ಟಿರಲಿಲ್ಲ. ತೊಟ್ಟಿಗೆ ಸುತ್ತಿದ ಒದ್ದೆ ಬಟ್ಟೆ ಮಾಳಮಡ್ಡಿಯ ಬಿಸಿಲಿಗೆ ಮತ್ತೆ ಒಣಗಿತ್ತು.

“ಎಷ್ಟು ಸಲಾ ಬಟ್ಟಿ ಸುತ್ತತೀ? ಗಾಜು ಬೆವರತದೇನು?” ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಗೋದಾಬಾಯಿ ಕೇಳಿದರು. ಮಡಿ ಕೆಡುತ್ತದೆಂದು ವಾರದಿಂದ ತೊಟ್ಟಿಯ ಹತ್ತಿರ ಸುಳಿದಿರಲಿಲ್ಲ ಅವರು. “ಹರವಿ ಬೆವರತದ. ಅದಕ್ಕ ನೀರು ತಣ್ಣಗಿರತಾವ.”

ಮನೆಯಲ್ಲಿ ಇದ್ದದ್ದು ಒಂದೇ ಮಣ್ಣಿನ ಹರವಿ, ಅತ್ತೆಯ ಕುಡಿಯುವ ನೀರಿನದು. ಮಂದಾಕಿನಿ ಅಳುಕುತ್ತಲೇ ಕೇಳಿದಳು, “ಅತ್ಯಾರ, ಇನ್ನೊಂದು ಥರ್ಮಾಮೀಟರ್ ಅದ. ಹೊಸಾದು. ಹರವ್ಯಾಗ ಒಮ್ಮೆ ಅದ್ದಲೇನ್ರಿ?”

ಗೋದಾಬಾಯಿ ತಾವೇ ಮುಚ್ಚಳ ತೆಗೆದರು. ಪಾದರಸ ಇಳಿಯುವುದನ್ನು ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು. ಅದು ಎಪ್ಪತ್ತಕ್ಕೆ ನಿಂತಿತು. ಗೋದಾಬಾಯಿ ಒಂದು ತಂಬಿಗೆ ನೀರು ತುಂಬಿಕೊಂಡು, ಸಾವಕಾಶವಾಗಿ ಪೂರ್ತಿ ಕುಡಿದು, ಹರವಿಯನ್ನು ಸೊಸೆಯ ಕಡೆ ಸರಿಸಿದರು.

“ನನಗ ತಾಮ್ರದ ಕೊಡಾ ಅದ. ನಿನ್ನ ಪ್ರಾಣಿ ಹುಳಾ ತಿನ್ನೂ ಮುಂದ ಮಾತ್ರ ನನ್ನ ಕರಿ, ನೋಡತೇನಿ.”