ಗಂಟೆಯ ಮೇಲೆ ಕೈ

ಕೊನೆಯ ಬೆಂಚಿನ ಮೇಲಿದ್ದ ಗಂಟೆಯನ್ನು ಒತ್ತಲು ಪರೀಕ್ಷಕರು ಬೆರಳೆತ್ತುವಷ್ಟರಲ್ಲಿ, ಪಕ್ಕದಲ್ಲೇ ಕುಳಿತಿದ್ದ ಉಪನ್ಯಾಸಕಿ ಯಶೋದಾ ಅದನ್ನು ಅಂಗೈಯಿಂದ ಮುಚ್ಚಿದರು. ಗಂಟೆ ಬಾರಿಸಿದರೆ ಯಶೋದಾರ ಬಿ.ಇಡಿ. ವಿದ್ಯಾರ್ಥಿನಿ ದೀಪಾಲಿಯ ಪರೀಕ್ಷಾ ಪಾಠ ಅಲ್ಲಿಗೇ ಮುಗಿದಂತೆ.

ಸದಾಶಿವಗಡದ ಆ ತರಗತಿ ಈಗಷ್ಟೇ ಬಾಯಿಬಿಟ್ಟಿತ್ತು. ಉಬ್ಬರವಿಳಿತ ಎಂದಾಗ ಪಿಳಿಪಿಳಿ ನೋಡುತ್ತಿದ್ದ ಕೊಂಕಣಿ ಮನೆಮಾತಿನ ಮಕ್ಕಳು, ದೀಪಾಲಿ ಅದನ್ನೇ ಕೊಂಕಣಿಯಲ್ಲಿ ‘ಭರ್ತಿ, ಸುಕ್ತಿ’ ಎಂದದ್ದೇ ತಡ, ಅಪ್ಪನ ದೋಣಿ ಯಾವಾಗ ಹೊರಡುತ್ತದೆಂದು ಹೇಳಲು ಬೆಂಚು ಹತ್ತಿ ಕೂಗತೊಡಗಿದ್ದರು.

“ಕನ್ನಡ ಶಾಲೇಲಿ ಕೊಂಕಣಿ ಪಾಠವಾ? ಅವಳು ಫೇಲು,” ಪರೀಕ್ಷಕರು ಹಲ್ಲು ಕಡಿದರು. “ಕೈ ತೆಗೀರಿ ಮೇಡಂ. ಶಾಲಾ ನಾಯಕತ್ವದ ಮೇಲೆ ಪಿಎಚ್.ಡಿ. ಮಾಡಿದವರು ನೀವು. ಅಂಕೋಲೆ ಕಾಲೇಜಿನ ಪ್ರಿನ್ಸಿಪಾಲ್ ಹುದ್ದೆಗೆ ನಾಳೆ ನನ್ನೆದುರೇ ಸಂದರ್ಶನಕ್ಕೆ ಕೂರಬೇಕು, ನೆನಪದೆಯಲ್ಲ?”

“ನೆನಪದೆ ಸರ್. ನಾಳೆ ಕೇಳೂದನ್ನ ಇವತ್ತೇ ನೋಡಿಬಿಡಿ.”

ಯಶೋದಾ ಗಂಟೆಯನ್ನೆತ್ತಿ ಮಡಿಲಲ್ಲಿಟ್ಟುಕೊಂಡರು. ಹಲಗೆಯ ಬಳಿ ಸೀಮೆಸುಣ್ಣ ಹಿಡಿದು ಬೆದರಿ ನಿಂತಿದ್ದ ದೀಪಾಲಿಯತ್ತ ನೋಡಿ, ಟೀಚರನ್ನು ಕರೆಯುವ ಮಕ್ಕಳ ಹಾಗೆಯೇ ಕೈಯೆತ್ತಿದರು.

“ಅಕ್ಕೋರೆ, ಭರ್ತಿ ಆದ್ಮೇಲೆ ಸುಕ್ತಿ ಯಾಕೆ ಆಗ್ತದೆ?”